ಕಲ್ಯಾಣಿ ಲಾಂಚಿನ ಕೊನೆಯ ಹೊಳಪು

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ದಂಡೆಯ ಮೇಲೆ ಈಶ್ವರ ಮೇಸ್ತ ಎಂಬ ಗುರುವಿದ್ದ. ದೊಡ್ಡ ದೋಣಿ ಕಟ್ಟುವ ಮನೆತನದಲ್ಲಿ ಹುಟ್ಟಿದರೂ ಅವನು ಕಟ್ಟಿದ್ದೆಲ್ಲ ಸಣ್ಣವು. ನಿಜವಾದ ಹಡಗು, ಲಾಂಚುಗಳನ್ನು ಅಳತೆ ತಪ್ಪದೆ ಮೊಳದುದ್ದಕ್ಕೆ ಇಳಿಸಿ, ಬಣ್ಣ ಹಚ್ಚಿ, ಕೊನೆಗೆ ಅದರ ಮೇಲೊಂದು ಹೊಳಪಿನ ಲೇಪ ಕೊಡುತ್ತಿದ್ದ.

ಶಿಷ್ಯ ಒಬ್ಬನೇ, ದಾಮೋದರ. ಬಂದು ಹನ್ನೊಂದು ವರ್ಷ. ಹನ್ನೊಂದು ವರ್ಷ ಮನುಷ್ಯನಿಗೆ ಕಸುಬು ಬರಲು ಸಾಕು, ಕೊಂಬು ಬರಲೂ ಸಾಕು.

ಅವರು ಕೆಲಸ ಮಾಡುತ್ತಿದ್ದ ಶೆಡ್ಡಿನಲ್ಲಿ ಕೊನೆಯ ಲೇಪ ಯಾವಾಗಲೂ ಗುರುವಿನದೇ. ಯಾವ ಲೇಪ ಎಂದು ಆರಿಸುವುದೂ ಅದನ್ನು ಹೊಡೆಯುವುದೂ ಶಿಷ್ಯನ ಕೈಗೆ ಬಂದ ದಿನ ಅವನು ಶಿಷ್ಯನಲ್ಲ, ಶೆಡ್ಡಿಗೆ ಮುಂದಿನ ಯಜಮಾನ. ದಾಮೋದರ ಬಾಯಿಬಿಟ್ಟು ಕೇಳಿರಲಿಲ್ಲ. ಆದರೆ ಆ ಒಂದು ಆಸೆಯಿಂದಲೇ ಅಷ್ಟು ವರ್ಷ ಮರಳುಕಾಗದ ಉಜ್ಜಿದ್ದ.

ಚಮಚದ ರೂಢಿಯೂ ಒಂದಿತ್ತು. ದೋಣಿಗೆ ಯಾವ ದಿನ ಯಾವ ಬಣ್ಣ ಹಚ್ಚಿದರೂ ಅದೇ ದಿನ, ಅದೇ ಡಬ್ಬಿಯಿಂದ ಒಂದು ಪ್ಲಾಸ್ಟಿಕ್ ಚಮಚಕ್ಕೂ ಹಚ್ಚಬೇಕು. ಹಿಡಿಯ ಹಿಂದೆ ಮೊಳೆಯಿಂದ ತಾರೀಕು ಕೆತ್ತಿ ಗೋಡೆಗೆ ತೂಗುಹಾಕಬೇಕು. ಆ ಬಣ್ಣದ ಮೇಲೆ ಹೊಸದೇನು ಬಳಿಯುವುದಿದ್ದರೂ ಮೊದಲು ಆ ಚಮಚದ ಮೇಲೆ ಬಳಿದು ನೋಡಬೇಕು. ದೋಣಿ ಎಷ್ಟು ಒಣಗಿದೆಯೋ ಚಮಚವೂ ಅಷ್ಟೇ ಒಣಗಿರುತ್ತದಲ್ಲ.

ಆ ವರ್ಷದ ಕೆಲಸ ಪದ್ಮಾವತಿ ತಾಂಡೇಲ ಎಂಬಾಕೆಯದು. ಸೇತುವೆ ಬರುವ ಮೊದಲು ಜನರನ್ನು ಹೊಳೆ ದಾಟಿಸುತ್ತಿದ್ದ 'ಕಲ್ಯಾಣಿ' ಲಾಂಚನ್ನು ನಡೆಸುತ್ತಿದ್ದವನು ಆಕೆಯ ಗಂಡ. ಅವನೂ ಈಗಿಲ್ಲ, ಲಾಂಚೂ ಗುಜರಿ ಸೇರಿತು. ಆಕೆ ಒಂದು ಹಳೆಯ ಫೋಟೋ ತಂದಿಟ್ಟು, ಇದನ್ನು ಮಾಡಿಕೊಡಿ ಎಂದಿದ್ದಳು.

ಗುರುವಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಕಣ್ಣು ಮಂಜಾಗಿತ್ತು, ಕೈ ನಡುಗಲು ಶುರುವಾಗಿತ್ತು. ಲಾಂಚಿನ ಮೂತಿಯ ಮೇಲೆ 'ಕಲ್ಯಾಣಿ' ಎಂಬ ಮೂರು ಅಕ್ಷರ ಬರೆಯಲು ಒಂಬತ್ತು ದಿನ ಕೂತ. ಇನ್ನು ತನ್ನಿಂದಾಗದು, ಇದೇ ಕೊನೆ ಎಂದು ಅವನೇ ಹೇಳಿದ.

ಗುರು ಲಾಂಚಿನ ತಳಕ್ಕೆ ಕೆಂಪು ಎಣ್ಣೆಬಣ್ಣ ಬಳಿದ ದಿನ ದಾಮೋದರ ಚಮಚಕ್ಕೆ ಹಚ್ಚಲಿಲ್ಲ. ಇಷ್ಟು ವರ್ಷವಾದರೂ ತನಗೆ ಚಮಚವೇ ಗತಿಯೇ ಎಂದು ಒಳಗೊಳಗೇ ಸಿಟ್ಟು.

ಮೂರು ವಾರ ಕಳೆದ ಮೇಲೆ ಗುರು ಅವನನ್ನು ಕರೆದ.

"ಹೊಳಪು ನೀನೇ ಕೊಡು. ಯಾವುದು ಅಂತನೂ ನೀನೇ ನೋಡು."

ದಾಮೋದರನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಲಗೆಯ ಮೇಲೆ ಮೂರು ಬಾಟಲಿಗಳಿದ್ದವು. ನೀರಿನ ಲೇಪ, ಐದಾರು ಸಲ ತೆಳ್ಳಗೆ ಹೊಡೆದು ದಿನಗಟ್ಟಲೆ ಕಾಯಬೇಕು. ಎಣ್ಣೆಯ ವಾರ್ನಿಷು, ಚಂದವೇ, ಆದರೆ ವರ್ಷ ಕಳೆದಂತೆ ಹಳದಿಯಾಗುತ್ತದೆ. ಮೂರನೆಯದು ಥಿನ್ನರಿನ ಲ್ಯಾಕರ್. ಮೂಗು ಸುಡುವ ವಾಸನೆ, ಅರ್ಧ ತಾಸಿಗೆಲ್ಲ ಕನ್ನಡಿಯಂಥ ಹೊಳಪು.

"ಯಾವುದು ಒಳ್ಳೇದು ಗುರುಗಳೇ?"

"ಯಾವುದರ ಕೆಳಗೆ ಬಣ್ಣ ಸುಮ್ಮನೆ ಇರ್ತದೋ ಅದು."

ಎಂದಿನ ಒಗಟು ಎಂದುಕೊಂಡು ದಾಮೋದರ ಮೂರನೆಯದನ್ನು ಎತ್ತಿಕೊಂಡ. ಮೊದಲ ಸಲಕ್ಕೇ ಗುರುವಿನ ಹೊಳಪನ್ನು ಮೀರಿಸುವ ಹುಮ್ಮಸ್ಸು. ಈ ಕೆಂಪಿನ ಚಮಚವಂತೂ ಇರಲಿಲ್ಲ. ಗೋಡೆಯಿಂದ ಎರಡು ವರ್ಷ ಹಿಂದಿನ ಕೆಂಪು ಚಮಚವೊಂದನ್ನು ತೆಗೆದು ಅದರ ಮೇಲೆ ಹೊಡೆದು ನೋಡಿದ. ಥಳಥಳಿಸಿತು. ಉಗುರಿನಲ್ಲಿ ಕೆರೆದರೂ ಏಳಲಿಲ್ಲ.

ಆಮೇಲೆ ಲಾಂಚಿಗೆ ಹೊಡೆದ. ಈಗಷ್ಟೇ ನೀರಿನಿಂದ ಎದ್ದಂತೆ ಕಂಡಿತು. ಗುರುವನ್ನು ಕರೆಯಬೇಕು ಎಂದುಕೊಂಡು ಕೈ ತೊಳೆದು ಬರುವಷ್ಟರಲ್ಲಿ, ತಳದ ಕೆಂಪು ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೆದ್ದಿತ್ತು. ಮೇಲೆ ಒಣಗಿದಂತೆ ಕಂಡರೂ ಒಳಗೆ ಇನ್ನೂ ಹಸಿಯಿದ್ದ ಎಣ್ಣೆಬಣ್ಣವನ್ನು ಲ್ಯಾಕರ್ ಕಚ್ಚಿತ್ತು. ಬಿರುಕು ಮೇಲ್ಭಾಗದ ಬಿಳಿ ಬಣ್ಣಕ್ಕೂ ಹತ್ತಿ, ಆ ಮೂರು ಅಕ್ಷರಗಳನ್ನು ಸೀಳಿಕೊಂಡು ಹೋಗಿತ್ತು.

ಅವನು ಹೆದರಿದ. ಹೆದರಿದವನನ್ನು ಕ್ಷಮಿಸಬಹುದು. ಆಮೇಲೆ ಮಾಡಿದ್ದನ್ನು ಕ್ಷಮಿಸಲು ನನಗಂತೂ ಆಗುವುದಿಲ್ಲ. ನಿಮ್ಮ ಕೆಂಪೇ ಕೈಕೊಟ್ಟಿತು, ಡಬ್ಬಿ ಹಳತಾಗಿತ್ತೋ ಏನೋ, ನಾನು ಚಮಚದ ಮೇಲೆ ನೋಡಿಯೇ ಹೊಡೆದೆ ಎಂದು ಗುರುವಿನ ಮುಂದೆ ಹೇಳಿದ.

ಗುರು ಎದ್ದು ಬಂದು ಲಾಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿದ. ಅಕ್ಷರಗಳ ಹತ್ತಿರ ಬೆರಳು ತುಸು ಹೊತ್ತು ನಿಂತಿತು. ಆಮೇಲೆ ಆ ಚಮಚ ಕೊಡು ಎಂದು ಕೈ ಚಾಚಿದ. ದಾಮೋದರ ಕೊಟ್ಟ.

"ನನಗೆ ಕಣ್ಣು ಕಾಣೂದಿಲ್ಲ. ತಾರೀಕು ಓದು."

ದಾಮೋದರ ಬಗ್ಗಿ ನೋಡಿದ. ಓದಿದ್ದು ಮಾತ್ರ ಅಲ್ಲಿದ್ದ ತಾರೀಕನ್ನಲ್ಲ.

"ಹೋದ ತಿಂಗಳು ಹನ್ನೊಂದು."

ಚಮಚದ ಹಿಂದಿದ್ದುದು ಮೊಳೆಯಲ್ಲಿ ಕೆತ್ತಿದ ತಾರೀಕು, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುವಂಥದು. ಅವನು ಓದುತ್ತಿದ್ದಾಗ ಗುರುವಿನ ಹೆಬ್ಬೆರಳು ಅದರ ಮೇಲೇ ಇತ್ತು. ಗುರು ಚಮಚವನ್ನು ಗೋಡೆಗೆ ಸಿಕ್ಕಿಸಿದ.

ಸೋಮವಾರ ಬೆಳಿಗ್ಗೆ ಪದ್ಮಾವತಿ ಬಂದಳು. ಹೊಸ ಸೀರೆ ಉಟ್ಟಿದ್ದಳು. ಲಾಂಚನ್ನು ಸುತ್ತಿ ಒಯ್ಯಲೆಂದು ಗಂಡನ ಪಂಚೆಯೊಂದನ್ನು ಮಡಚಿ ತಂದಿದ್ದಳು. ಗುರು ಏನನ್ನೂ ಮುಚ್ಚಿಡದೆ ಲಾಂಚನ್ನು ತಂದು ಆಕೆಯ ಎದುರಿಗಿಟ್ಟ.

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ದಾಮೋದರ ಚಾ ತಂದುಕೊಟ್ಟ. ಆಕೆ ಲಾಂಚನ್ನೇ ನೋಡುತ್ತ, ಬಹಳ ನಿಧಾನವಾಗಿ ಕುಡಿದಳು. ಲೋಟ ಕೆಳಗಿಟ್ಟ ಮೇಲೆ ಆಕೆ ಕೇಳಿದಳು.

"ಸುಟ್ಟ ಗಾಯದ ಹಾಂಗೆ ಕಾಣ್ತದೆ. ಹೆಂಗಾಯ್ತು ಇದು?"

"ನನ್ನ ಬಣ್ಣ ಒಣಗಿರಲಿಲ್ಲ. ತಪ್ಪು ನಂದು," ಎಂದ ಗುರು.

ದಾಮೋದರ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಹಾಗೇ ನಿಂತ. ಪದ್ಮಾವತಿ ಫೋಟೋ ವಾಪಸು ಕೇಳಿ ಪಡೆದು, ಅದನ್ನೇ ಪಂಚೆಯಲ್ಲಿ ಸುತ್ತಿಕೊಂಡು ಹೊರಟುಹೋದಳು.

ಆಕೆ ದಂಡೆ ದಾಟಿದ ಮೇಲೆ ದಾಮೋದರ ಗುರುವಿನ ಕಾಲ ಬಳಿ ಕುಸಿದ.

"ಅದು ಹಳೇ ಚಮಚ ಆಗಿತ್ತು ಗುರುಗಳೇ."

"ಗೊತ್ತು."

"ಮತ್ತೆ ಅವರ ಮುಂದೆ ನಿಮ್ಮ ತಪ್ಪು ಅಂತ ಎಂತಕ್ಕೆ ಹೇಳಿದ್ರಿ?"

"ನೀನು ಹೇಳ್ತೆ ಅಂತ ಕಾದೆ. ಅವಳ ಚಾ ಖಾಲಿ ಆಗೋವರೆಗೂ ಕಾದೆ."

ದಾಮೋದರ ಬಿಕ್ಕುತ್ತ ಏನೇನೋ ಹೇಳಿದ. ಬಣ್ಣವೆಲ್ಲ ಕೆರೆದು ತೆಗೆಯುತ್ತೇನೆ, ಮರ ಗಟ್ಟಿಯಿದೆ, ಮೊದಲಿನಿಂದ ಹಚ್ಚೋಣ, ಅಕ್ಷರಗಳನ್ನಷ್ಟೇ ನೀವು ಬರೆದುಕೊಡಿ ಎಂದ. ಗುರು ತನ್ನ ಬಲಗೈಯನ್ನು ಅವನ ಮುಖದ ಎದುರಿಗೆ ಹಿಡಿದ. ಅದು ನಡುಗುವುದನ್ನು ದಾಮೋದರ ನೋಡಿದ, ಮತ್ತೆ ಅಕ್ಷರದ ಮಾತು ಎತ್ತಲಿಲ್ಲ.

ಕಣ್ಣೊರೆಸಿಕೊಂಡು ಕೇಳಿದ.

"ಹಾಗಾದ್ರೆ ನಾಳೆಯಿಂದ ನಾನು ಬರೂದು ಬ್ಯಾಡ್ವಾ?"

ಗುರು ಸೊಂಟಕ್ಕೆ ಸಿಕ್ಕಿಸಿದ್ದ ಶೆಡ್ಡಿನ ಚಾವಿ ತೆಗೆದು ಅವನ ಅಂಗೈಗೆ ಹಾಕಿದ.

"ಬಾ. ಶೆಡ್ಡು ಇನ್ನು ನಿಂದೇ. ಮತ್ತೊಬ್ಬನ್ನ ತಯಾರು ಮಾಡುವಷ್ಟು ವರ್ಷ ನನ್ನ ಹತ್ರ ಉಳಿದಿಲ್ಲ."