ಉಪ್ಪುಮೇನೆ ಪಾದೆ

ಬಿಳಲೂರು ಘಟ್ಟವನ್ನು ಇಳಿದು ನೀರ್ಕೋಡಿನ ಕಡೆಗೆ ಬರುವ ರಸ್ತೆ ಕೊನೆಯ ತಿರುವನ್ನು ದಾಟಿತೆಂದರೆ ಎಡಗಡೆಯಲ್ಲಿ ಒಂದು ಕರಿಬಂಡೆ ಎದುರಾಗುತ್ತದೆ. ಬಂಡೆಗೆ ನಮ್ಮ ಕಡೆ ಪಾದೆ ಎನ್ನುವುದು ರೂಢಿ. ಇದರ ನೆತ್ತಿ ಚಪ್ಪಟೆ. ದೊಡ್ಡ ಮನೆಯೊಂದರ ಅಂಗಳದಷ್ಟು ಅಗಲ. ಮೇಲೆ ನಿಂತರೆ ಬೆನ್ನ ಹಿಂದೆ ಘಟ್ಟದ ಗೋಡೆ, ಕಣ್ಣ ಮುಂದೆ ಗದ್ದೆಬಯಲು, ಹೊಳೆಬಾಯಿ, ಅದರಾಚೆಗೆ ಕಡಲು. ಲಾರಿಯವರು ಬಿಸಿಯಾದ ಬ್ರೇಕನ್ನು ತಣಿಸಿಕೊಳ್ಳಲು ಇಲ್ಲಿ ನಿಲ್ಲುತ್ತಾರೆ, ಪ್ರವಾಸಿಗರು ಫೋಟೋ ತೆಗೆಸಿಕೊಳ್ಳಲು ನಿಲ್ಲುತ್ತಾರೆ. ಇದಕ್ಕೆ ಉಪ್ಪುಮೇನೆ ಪಾದೆ ಎಂದು ಹೆಸರು. ಕಾರಣ ಕೇಳಿದವರಿಗೆ ಚಹಾದಂಗಡಿಯವರು, ಬಂಡೆ ಮೇನೆಯ ಆಕಾರದಲ್ಲಿದೆ, ನೆಕ್ಕಿದರೆ ಉಪ್ಪುಪ್ಪಾಗಿದೆ ಎಂದು ಹೇಳಿ ಕಳಿಸುತ್ತಾರೆ. ಆಕಾರ ನೋಡಿದರೆ ಅದು ಮಲಗಿದ ಎಮ್ಮೆಯಂತಿದೆ. ನೆಕ್ಕಿಯೂ ನೋಡಿದ್ದೇನೆ, ಕಲ್ಲಿಗೆ ಕಲ್ಲಿನ ರುಚಿಯೇ. ನಮ್ಮ ಹಿರಿಯರು ಹೇಳುತ್ತಿದ್ದ ಕಾರಣ ಬೇರೆ. ಅದನ್ನು ಹೇಳುವಾಗ ಈ ವಯಸ್ಸಿನಲ್ಲೂ ನನ್ನ ಎದೆ ಉಬ್ಬುತ್ತದೆ, ಮುಚ್ಚಿಡುವುದೇಕೆ.

ಹಿಂದೆ ಒಮ್ಮೆ, ಆಗ ಗಡಿಪಾದೆ ಎನ್ನುತ್ತಿದ್ದ ಈ ಪಾದೆಯಿಂದ ಕಡಲಿನವರೆಗಿನ ಸೀಮೆ ಯಾರ ಕೈಕೆಳಗೂ ಇಲ್ಲದ ನಾಡಾಗಿತ್ತು ಎನ್ನುತ್ತಾರೆ. ನಾಡು ಸಣ್ಣದು, ಬೆಳಿಗ್ಗೆ ಗಂಜಿ ಕುಡಿದು ತೆಂಕಣ ಗಡಿ ಬಿಟ್ಟವನು ಮಧ್ಯಾಹ್ನದ ಊಟಕ್ಕೆ ಬಡಗಣ ಗಡಿ ಮುಟ್ಟಬಹುದಿತ್ತು. ಆದರೆ ಅದರ ಹೊಳೆಬಾಯಲ್ಲಿ ಬಂದರವಿತ್ತು, ಬಂದರದ ಪಕ್ಕದಲ್ಲಿ ಕಡಲ ನೀರು ಒಣಗಿಸಿ ಉಪ್ಪು ತೆಗೆಯುವ ಆಗರಗಳಿದ್ದವು. ಘಟ್ಟದ ಮೇಲಿನ ಬಿಳಲೂರಿನ ರಾಜ್ಯವಿಡೀ ಉಣ್ಣುತ್ತಿದ್ದದ್ದು ಇಲ್ಲಿಂದ ಹೇರೆತ್ತುಗಳ ಬೆನ್ನೇರಿ ಹೋಗುತ್ತಿದ್ದ ಉಪ್ಪನ್ನು. ನೀರ್ಕೋಡಿನ ಅರಸುಮನೆಯಲ್ಲಿ ಪಟ್ಟ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಅರಸನ ನಂತರ ಅವನ ಅಕ್ಕತಂಗಿಯರ ಮಕ್ಕಳಿಗೆ ಪಟ್ಟವೇ ಹೊರತು ಅವನ ಸ್ವಂತ ಮಕ್ಕಳಿಗಲ್ಲ. ಆ ಮನೆಯ ಹೆಣ್ಣು ಮದುವೆಯಾದರೂ ಮನೆ ಬಿಡುತ್ತಿರಲಿಲ್ಲ. ಗಂಡನೇ ಬಂದು ಇರುತ್ತಿದ್ದ, ಅವನಿಗೆ ಗೌರವವಿತ್ತು, ಊಟವಿತ್ತು, ಅಧಿಕಾರ ಮಾತ್ರ ಇರಲಿಲ್ಲ. ಇದನ್ನು ಅವರು ‘ಕಟ್ಟು’ ಎನ್ನುತ್ತಿದ್ದರು. ಘಟ್ಟದ ಮೇಲಿನವರಿಗೆ ಇದರ ಗಂಧಗಾಳಿ ಇರಲಿಲ್ಲ. ಅವರ ಲೆಕ್ಕದಲ್ಲಿ ಮದುವೆಯೆಂದರೆ ಹೆಣ್ಣನ್ನು ಕರೆದೊಯ್ಯುವುದು, ಹೆಣ್ಣಿನ ಹಿಂದೆ ಅವಳದೆಲ್ಲವೂ ಬರುವುದು.

ಒಂದು ವರ್ಷ ನೀರ್ಕೋಡಿನ ಅರಸ ಜ್ವರದಲ್ಲಿ ತೀರಿಕೊಂಡ. ಅವನ ತಂಗಿ ಮೊದಲೇ ಹೋಗಿದ್ದಳು. ವಂಶದಲ್ಲಿ ಉಳಿದದ್ದು ಅವಳ ಒಬ್ಬಳೇ ಮಗಳು, ಇನ್ನೂ ಮೀಯುವ ಹೊಳೆಗೆ ಮರದ ಮೇಲಿಂದ ಧುಮುಕುವ ವಯಸ್ಸಿನ ಜಾಕಲದೇವಿ. ಪಟ್ಟಕಟ್ಟಿದ ಹೂವು ಬಾಡುವ ಮೊದಲೇ ಬಿಳಲೂರಿನ ಅರಸ ಬೀರರಸನ ರಾಯಭಾರಿ ಘಟ್ಟ ಇಳಿದ. ಕೈಯಲ್ಲಿ ಪಟ್ಟೆಸೀರೆ, ಅಡಕೆ, ತೆಂಗಿನಕಾಯಿ. ಬೆನ್ನ ಹಿಂದೆ ಘಟ್ಟದ ಬುಡದಲ್ಲಿ ಡೇರೆ ಹಾಕಿದ ದಂಡು. ತನ್ನ ಕಿರಿಮಗ ಮಲ್ಲಿದೇವನಿಗೆ ರಾಣಿಯನ್ನು ತಂದುಕೊಳ್ಳುವುದಾಗಿ ಬೀರರಸ ಹೇಳಿಕಳಿಸಿದ್ದ. ಸೀರೆಯನ್ನೂ ದಂಡನ್ನೂ ಒಟ್ಟಿಗೆ ಕಳಿಸಿದ ಮೇಲೆ ಅದು ಕೇಳಿಕೆಯೋ ಅಪ್ಪಣೆಯೋ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಒಮ್ಮೆ ಮೇನೆ ಹತ್ತಿ ಘಟ್ಟದ ಮೇಲಿನ ಅಂತಃಪುರ ಸೇರಿದರೆ ಬಂದರದಲ್ಲಿ ಬೀರರಸನ ಅಧಿಕಾರಿ ಬಂದು ಕೂರುತ್ತಾನೆ, ನೀರ್ಕೋಡು ಎಂಬ ನಾಡು ಅಲ್ಲಿಗೆ ಮುಗಿಯಿತು. ಸಭೆಯಲ್ಲಿ ಕೆಲವರು ಹೋರಾಡಿ ಸಾಯೋಣ ಎಂದರು, ಕೆಲವರು ದೋಣಿ ಹತ್ತಿ ಓಡೋಣ ಎಂದರು. ಮೂವರು ಅರಸರನ್ನು ಕಂಡಿದ್ದ ಮುದಿಮಂತ್ರಿ ದುಗ್ಗಣ ಹೆಗ್ಗಡೆ ಮಾತ್ರ ತಲೆ ತಗ್ಗಿಸಿ ಕೂತಿದ್ದ. ರಾಣಿ ಅವನ ಪಕ್ಕಕ್ಕೆ ಬಂದು ಕೂತಳು.

“ಅಜ್ಜಯ್ಯ, ಅವ್ರಿಗೆ ಬೇಕಾದ್ದ್ ಹೆಣ್ಣಲ್ಲ, ಬಂದರ. ಒಪ್ಪಿಗಿ ಇತ್ತ್ ಅಂದೇ ಹೇಳಿ. ಮದಿ ಮಾತ್ರ ಗಡಿಪಾದಿ ಮೇಲೆ, ನಮ್ ಕಟ್ಟಿನಂಗೇ ಆಯ್ಕ್ ಅನ್ನಿ.”

ಮದುವೆ ಪಾದೆಯ ಮೇಲೆ ತಮ್ಮ ಕಟ್ಟಿನಂತೆಯೇ ಆಗಬೇಕು ಎಂಬ ಮಾತಿಗೆ ಹೆಗ್ಗಡೆ ತಲೆ ಎತ್ತಿದ. ಆಮೇಲೆ ಸತ್ತ ಅರಸನಿಗಾಗಿ ಅತ್ತಿದ್ದ ಕಣ್ಣಲ್ಲೇ ನಕ್ಕ ಎನ್ನುತ್ತಾರೆ.

ಮಾತು ಮುಗಿಸಲು ಬೀರರಸ ತಾನೇ ಪಾದೆಯ ಮೇಲಕ್ಕೆ ಬಂದ. ಬಾಳೆಲೆಯ ಮೇಲೆ ಉಪ್ಪಿನ ರಾಶಿ ಹಾಕಿ, ಅದನ್ನು ಮುಟ್ಟಿ ಆಣೆ ಮಾಡುವುದು ಈ ಸೀಮೆಯ ಕ್ರಮ. ಮದುವೆ ನೀರ್ಕೋಡಿನ ಕಟ್ಟಿನಂತೆ ನಡೆಯತಕ್ಕದ್ದು, ಮುಂದೆಯೂ ಆ ಕಟ್ಟನ್ನು ಮುರಿಯತಕ್ಕದ್ದಲ್ಲ. ಆಣೆ ನಿಂತಿರುವಷ್ಟು ಕಾಲ ಬಿಳಲೂರಿಗೆ ಹೋಗುವ ಉಪ್ಪಿಗೆ ಸುಂಕವಿಲ್ಲ ಎಂದು ಹೆಗ್ಗಡೆ ಗಟ್ಟಿಯಾಗಿ ಹೇಳಿದ. ಸುಂಕವಿಲ್ಲದ ಉಪ್ಪು ಎಂದ ಕೂಡಲೇ ಬೀರರಸನ ಮುಖ ಅರಳಿತು. ಕಟ್ಟು ಎಂದರೆ ಯಾವ ವಾದ್ಯ ಊದಬೇಕು, ಯಾವ ಪಾಯಸ ಬಡಿಸಬೇಕು ಎಂಬುದಿರಬೇಕೆಂದು ಅವನು ತಿಳಿದ. ಅವನ ಕಡೆಯ ಒಬ್ಬನಾದರೂ ‘ನಿಮ್ಮ ಕಟ್ಟು ಏನು’ ಎಂದು ಕೇಳಬಹುದಿತ್ತು. ಕೇಳಲಿಲ್ಲ. ದೊಡ್ಡ ರಾಜ್ಯದವರಿಗೆ ಸಣ್ಣ ನಾಡಿನವರ ಪದ್ಧತಿಯನ್ನು ಕೇಳಿ ತಿಳಿಯುವ ಅಭ್ಯಾಸ ಅಂದೂ ಇರಲಿಲ್ಲ. ತನ್ನ ದಂಡಿನವರೂ ತನ್ನ ನಾಡಿನ ಹೇರೆತ್ತಿನವರೂ ನೋಡುತ್ತಿರುವಂತೆಯೇ ಅವನು ಉಪ್ಪು ಮುಟ್ಟಿ ಆಣೆ ಮಾಡಿದ.

ಮದುವೆಯ ದಿನ ಪಾದೆಯ ನೆತ್ತಿಯ ಮೇಲೆ ಹಸಿರು ಚಪ್ಪರ ಎದ್ದಿತ್ತು. ಕಡಲನ್ನು ಹುಟ್ಟಿದಾಗಿನಿಂದ ಕಾಣದಿದ್ದ ಮಲ್ಲಿದೇವ ಚಪ್ಪರದ ಕಂಬ ಹಿಡಿದು ಅದನ್ನೇ ನೋಡುತ್ತ ನಿಂತುಬಿಟ್ಟ. ಪುರೋಹಿತರು ಎರಡು ಸಲ ಕರೆಯಬೇಕಾಯಿತು. ಧಾರೆ ಮುಗಿಯಿತು, ಊಟವೂ ಮುಗಿಯಿತು. ಬೀರರಸ ಬಾಯಲ್ಲಿ ವೀಳ್ಯವಿಟ್ಟುಕೊಂಡು ಮೇನೆ ತರಿಸಿದ. ಬೆಳ್ಳಿಯ ತಗಡು ಹೊದಿಸಿದ ಮೇನೆ, ಹೊರಲು ಗಟ್ಟಿಮುಟ್ಟಾದ ಬೋವಿಗಳು. ಕತ್ತಲಾಗುವುದರೊಳಗೆ ಸೊಸೆಯನ್ನು ಕೂರಿಸಿಕೊಂಡು ಘಟ್ಟ ಹತ್ತಬೇಕು ಎಂದ. ಆಗ ದುಗ್ಗಣ ಹೆಗ್ಗಡೆ ಕೈಮುಗಿದು, ನಮ್ಮ ಕಟ್ಟಿನಲ್ಲಿ ಹೆಣ್ಣು ಮನೆ ಬಿಡುವುದಿಲ್ಲ ಅರಸರೆ, ಅಳಿಯಂದಿರು ನಮ್ಮೊಡನೆ ಬರುತ್ತಾರೆ, ಹುಟ್ಟುವ ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ, ಪಟ್ಟ ಅವರಿಗೇ ಎಂದು ನಿಧಾನವಾಗಿ ವಿವರಿಸಿದ. ವೀಳ್ಯ ಜಗಿಯುತ್ತಿದ್ದ ಬಾಯಿ ಅಲ್ಲಿಗೇ ನಿಂತಿತು.

ಬೀರರಸ ಕತ್ತಿಯ ಹಿಡಿಗೆ ಕೈಹಾಕಿದ. ದಂಡು ಎದ್ದು ನಿಂತಿತು. ಪಾದೆಯ ಮೇಲಿದ್ದ ನೀರ್ಕೋಡಿನವರನ್ನೆಲ್ಲ ಅರೆಗಳಿಗೆಯಲ್ಲಿ ಕಡಿದು ಮುಗಿಸುವಷ್ಟು ಜನ ಅವನಲ್ಲಿದ್ದರು. ಮದುಮಗಳು ಬಾಸಿಂಗವನ್ನು ಹಣೆಯಿಂದ ಮೇಲಕ್ಕೆ ಸರಿಸಿ, ಬಂಡೆಯ ಅಂಚಿಗೆ ನಡೆದು ಹೋಗಿ, ಕೆಳಗೆ ಕೈತೋರಿಸಿದಳು.

“ಮಾವಯ್ಯ, ಹಾಂಗೆ ಒಂಚೂರ್ ಕೆಳಗ್ ಕಾಣಿ.”

ಕೆಳಗೆ ಆಗರಗಳಿಗೂ ಕಡಲಿಗೂ ನಡುವಿನ ಮಣ್ಣಿನ ಕಟ್ಟೆಯ ಉದ್ದಕ್ಕೂ ಉಪ್ಪು ತೆಗೆಯುವ ಹೆಂಗಸರು ಗಂಡಸರು ಗುದ್ದಲಿ ಹಿಡಿದು ಸಾಲಾಗಿ ನಿಂತಿದ್ದರು. ಕಡಲಿನ ಭರತದ ನೀರು ಏರುತ್ತಿತ್ತು. ಪಾದೆಯ ಮೇಲಿಂದ ಒಂದು ಶಂಖ ಊದಿದರೆ ಅವರು ಕಟ್ಟೆ ಒಡೆಯುತ್ತಾರೆ, ಕಡಲು ಒಳನುಗ್ಗಿ ಆಗರಗಳೆಲ್ಲ ಕೆಸರಾಗುತ್ತವೆ ಎಂದು ಅವಳು ಹೇಳಿದಳು. ಅದು ಆ ಜನರ ಬದುಕೇ ಆಗಿತ್ತು. ಅದನ್ನು ತಮ್ಮ ಕೈಯಾರೆ ನೀರುಪಾಲು ಮಾಡಲು ಅವರು ಒಪ್ಪಿ ಬಂದು ನಿಂತಿದ್ದರು. “ಆಣೆ ಮುರೂದಾರೆ ಮುರೀನಿ, ನಾವ್ ಸಣ್ಣವ್ರ್, ತಡೂಕೆ ಆಪುದಿಲ್ಲ. ಆರೆ ನಾಳೆಯಿಂದ ನಿಮ್ ರಾಜ್ಯದ್ ಊಟ ಸಪ್ಪೆ” ಎಂದಳಂತೆ. ಬಿಳಲೂರಿನ ಹೇರೆತ್ತಿನ ಮುಖಂಡ ಅಷ್ಟರಲ್ಲಿ ತನ್ನ ಕೋಲನ್ನು ಅರಸನ ಮುಂದೆ ಕೆಳಗಿಟ್ಟ. ಉಪ್ಪು ಮುಟ್ಟಿದ ಮಾತಿಗೆ ತಪ್ಪಿದರೆ ತಾವು ಇನ್ನು ಉಪ್ಪು ಹೇರುವುದಿಲ್ಲ ಎಂಬುದು ಅದರ ಅರ್ಥ. ಅವನ ಹಿಂದೆ ಉಳಿದವರೂ ಕೋಲು ಇಟ್ಟರು.

ಇಷ್ಟಾದರೂ ಬೀರರಸ ಹಿಡಿಯಿಂದ ಕೈ ತೆಗೆಯಲಿಲ್ಲ. ಹಟವೆಂದರೆ ಹಟ. ಆಗ ಮಲ್ಲಿದೇವ ಎದ್ದು ಅಪ್ಪನ ಕಾಲಿಗೆ ನಮಸ್ಕಾರ ಮಾಡಿ, “ಅಪ್ಪಾಜಿ, ಉಪ್ಪು ಮುಟ್ಟಿದ್ದು ನೀವು, ತಾಳಿ ಕಟ್ಟಿದ್ದು ನಾನು. ನಿಮ್ಮ ಮಾತು ನನ್ನ ಮದುವೆಯಲ್ಲೇ ಸುಳ್ಳಾಗೋದು ಬೇಡ. ನಾನು ಇಲ್ಲೇ ಇರ್ತೀನಿ” ಎಂದ. ಮನೆಯಲ್ಲಿ ಅಣ್ಣಂದಿರ ನೆರಳಲ್ಲಿ ಬೆಳೆದ ಹುಡುಗ ತುಂಬಿದ ಸಭೆಯಲ್ಲಿ ಆಡಿದ ಮೊದಲ ಮಾತು ಅದು ಎನ್ನುತ್ತಾರೆ. ಪಾದರಕ್ಷೆ ಕಳಚಿಟ್ಟು, ಬರಿಗಾಲಲ್ಲಿ ಹೋಗಿ ಹೆಂಡತಿಯ ಪಕ್ಕದಲ್ಲಿ ನಿಂತ. ಮಗನೇ ಆ ಕಡೆ ನಿಂತ ಮೇಲೆ ಕತ್ತಿ ಯಾರ ಮೇಲೆ ಎತ್ತುವುದು? ಬೀರರಸನ ಕೈ ಇಳಿಯಿತು. ಪಾದೆಯ ಮೇಲಿನ ಕೇಕೆ ಕೆಳಗಿನ ಕಟ್ಟೆಯವರಿಗೆ ಕೇಳಿ, ಅವರು ಗುದ್ದಲಿಗಳನ್ನು ಎತ್ತಿ ಕುಣಿದರಂತೆ.

ಗೆದ್ದವರು ಅಲ್ಲಿಗೆ ಬಿಡಬಹುದಿತ್ತು, ಜಾಕಲದೇವಿ ಬಿಡಲಿಲ್ಲ. ತಂದ ಮೇನೆ ಬರಿದಾಗಿ ಹೋದರೆ ಬೀಗರ ಮರ್ಯಾದೆ ಬೀದಿಪಾಲಾಗುತ್ತದೆ, ಮುಖ ಕಳೆದುಕೊಂಡ ಅರಸ ಮುಂದಿನ ವರ್ಷ ಮತ್ತೆ ದಂಡು ತರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಬೀಗರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು ಹೇಳಿ, ಆ ವರ್ಷದ ಮೊದಲ ಬಿಳಿ ಉಪ್ಪನ್ನು ತರಿಸಿ, ರೇಷ್ಮೆಯ ಹಾಸಿನ ಮೇಲೆ ತಾನೇ ಮೊರದಿಂದ ಸುರಿದು ಮೇನೆ ತುಂಬಿಸಿದಳು. ರಾಣಿಯನ್ನು ಹೊರಲು ಬಂದ ಬೋವಿಗಳು ಉಪ್ಪು ಹೊತ್ತು ಏದುಸಿರು ಬಿಡುತ್ತ ಘಟ್ಟ ಹತ್ತಿದರು. ಬಿಳಲೂರಿನ ಬೀದಿಯಲ್ಲಿ ಜನ ಆ ಮೇನೆಗೆ ಆರತಿ ಎತ್ತಿದರಂತೆ. ಬೀರರಸನೂ ಕೊನೆಗೆ ನಗಬೇಕಾಯಿತು. ಆಮೇಲೆ ಎರಡು ರಾಜ್ಯಗಳ ನಡುವೆ ಜಗಳವೆಂಬುದು ಆಗಲಿಲ್ಲ. ಗಡಿಪಾದೆ ಎಂಬ ಹಳೆಯ ಹೆಸರು ಮರೆತುಹೋಗಿ ಉಪ್ಪುಮೇನೆ ಪಾದೆ ಎಂಬುದು ನಿಂತಿತು.

ಪಾದೆಯ ಪಡುವಣ ಅಂಚಿನಲ್ಲಿ ಮೊಣಕಾಲೆತ್ತರದ ಒಂದು ಕೆತ್ತಿದ ಕಲ್ಲು ಇದೆ. ಫೋಟೋದವರು ಅದರ ಮೇಲೆ ಚೀಲ ಇಡುತ್ತಾರೆ, ನಾನು ಕಂಡರೆ ಬೈದು ತೆಗೆಸುತ್ತೇನೆ. ಒಂದು ಹೆಣ್ಣು, ಒಂದು ಗಂಡು ಪಕ್ಕಪಕ್ಕದಲ್ಲಿ ನಿಂತಿದ್ದಾರೆ. ಹೆಣ್ಣು ಒಂದು ಮೆಟ್ಟಿಲು ಮೇಲೆ. ಹೋದ ಚಳಿಗಾಲದಲ್ಲಿ ಸ್ಕಾಟ್ಲೆಂಡಿನಿಂದ ಬಂದ ಒಬ್ಬ ವಯಸ್ಸಾದ ಹೆಂಗಸು ಈ ಕಲ್ಲಿನ ಮುಂದೆ ಕೂತು, ಇದು ಸತ್ತವರ ಕಲ್ಲೇ, ಇವಳು ಹೇಗೆ ಸತ್ತಳು ಎಂದು ಕೇಳಿದಳು. ನನ್ನ ಮೊಮ್ಮಗಳು ಅವಳ ಮಾತನ್ನು ನನಗೂ ನನ್ನ ಮಾತನ್ನು ಅವಳಿಗೂ ಹೇಳುತ್ತಿದ್ದಳು. ನಾನು ಕತೆಯೆಲ್ಲ ಹೇಳಿ, ಇವಳು ಮುದುಕಿಯಾಗಿ ಸತ್ತವಳು ಎಂದೆ. ಕೇಳಿ ಮುಗಿಸಿ ಅವಳು, ತಮ್ಮಲ್ಲಿಯೂ ಹಿಂದೆ ವಂಶಕ್ಕೆ ಒಬ್ಬಳೇ ಉಳಿದ ಒಬ್ಬ ಪುಟ್ಟ ರಾಣಿ ಇದ್ದಳು, ನೆರೆಯ ದೊಡ್ಡ ಅರಸನ ಮಗನಿಗೆ ಅವಳನ್ನು ಕೊಡುವ ಮಾತಾಗಿತ್ತು, ತಂದೆಯ ದೇಶದಿಂದ ಹಡಗಿನಲ್ಲಿ ತಾಯ್ನಾಡಿಗೆ ಬರುವಾಗ ದಾರಿಯಲ್ಲೇ ತೀರಿಕೊಂಡಳು, ಆ ನಂತರ ನಾಡು ವರ್ಷಾನುಗಟ್ಟಲೆ ಯುದ್ಧದಲ್ಲಿ ಬೆಂದಿತು ಎಂದಳು. ಆ ಪುಟ್ಟ ರಾಣಿ ದಡ ಮುಟ್ಟಿದ್ದರೆ ಏನಾಗುತ್ತಿತ್ತು ಎಂದು ಈ ಹೆಂಗಸು ಚಿಕ್ಕಂದಿನಿಂದ ಯೋಚಿಸುತ್ತಿದ್ದಳಂತೆ. ಹೇಳುತ್ತ ಅವಳ ಕಣ್ಣು ತುಂಬಿತು, ನನ್ನದೂ ತುಂಬಿತು. ಮತ್ತೆ ಕೇಳಿದಳು: ನಿಮ್ಮವಳು ನಿಜವಾಗಿಯೂ ಮುದುಕಿಯಾದಳೆ?

“ಹಲ್ಲು ಒಂದೂ ಉಳಿದಿರ್ಲಿಲ್ಲ ಅಂಬ್ರ್” ಎಂದೆ. ಮೊಮ್ಮಗಳು ಹೇಳಿ ಮುಗಿಸುವುದರೊಳಗೆ ಆ ಹೆಂಗಸು ಗಟ್ಟಿಯಾಗಿ ನಕ್ಕುಬಿಟ್ಟಳು, ನಕ್ಕು ಕಲ್ಲಿನ ರಾಣಿಯ ಕೆನ್ನೆಯನ್ನು ಎರಡೂ ಕೈಗಳಿಂದ ಸವರಿದಳು.