ಅತ್ತೆಯ ಹೆಬ್ಬೆರಳು

"ಬುದ್ಧಿ, ದಿನವೂ ಕೇಳಿದರೂ ಕೆಲಸ ಮರೆಯುವವನನ್ನು ಮಠದಲ್ಲಿ ಇಟ್ಟುಕೊಳ್ಳಬೇಕೇ?" ಎಂದು ಶಾಂತಯ್ಯ ಗುರುಗಳನ್ನು ಕೇಳಿದ.

ಶಾಂತಯ್ಯ ಮಠದ ಶಿಷ್ಯ. ದಾಸೋಹದ ಮೇಲ್ವಿಚಾರಣೆ ಅವನ ಕೈಗೆ ಬಂದು ಒಂದು ವರ್ಷವಾಗಿತ್ತು. ಅವನು ಬಂದ ಮೇಲೆ ಅಲ್ಲಿಗೆ ಒಂದು ಶಿಸ್ತು ಬಂತು ಎಂಬುದನ್ನು ಅವನನ್ನು ಕಂಡರೆ ಆಗದವರೂ ಒಪ್ಪುತ್ತಿದ್ದರು. ಸಂಜೆಯಾಯಿತೆಂದರೆ ಪಟ್ಟಿ ಹಿಡಿದು ಅಡುಗೆಮನೆ, ಕೊಟ್ಟಿಗೆ, ಉಗ್ರಾಣ ಎಲ್ಲವನ್ನೂ ಸುತ್ತುತ್ತಿದ್ದ. ನೀರು ತುಂಬಿಸಿದ್ದಾಯಿತೇ, ಸೌದೆ ಒಡೆದದ್ದಾಯಿತೇ, ಪಾತ್ರೆ ಬೆಳಗಿದ್ದಾಯಿತೇ, ಬಾಗಿಲು ಹಾಕಿದ್ದಾಯಿತೇ ಎಂದು ಒಂದೊಂದನ್ನೇ ಕೇಳಿ ಗೀಟು ಹಾಕುತ್ತಿದ್ದ. ಇಷ್ಟಾಗಿಯೂ ಆ ದಿನ ಬೆಳಗ್ಗೆ ನೋಡಿದರೆ ಉಗ್ರಾಣದ ಬಾಗಿಲು ಹಾರುಹೊಡೆದಿತ್ತು. ನಾಯಿಗಳು ಒಳಹೊಕ್ಕು ರಾಗಿಹಿಟ್ಟಿನ ಮೂಟೆಗಳನ್ನು ಎಳೆದಾಡಿದ್ದವು. ದೂರದ ಊರುಗಳಿಂದ ನಡೆದು ಬಂದ ಭಕ್ತರು ಬರೀ ಮಜ್ಜಿಗೆ ಕುಡಿದು ಎದ್ದುಹೋದರು. ಉಗ್ರಾಣ ನೋಡಿಕೊಳ್ಳುವವನು ಕರಿಸಿದ್ದಪ್ಪನೆಂಬ ಮುದುಕ. ಮಠ ಬಿಟ್ಟರೆ ಅವನಿಗೆ ಬೇರೆ ಮನೆಯಿರಲಿಲ್ಲ.

"ಕೇಳುವುದನ್ನು ನಾನು ಒಂದು ದಿನವೂ ತಪ್ಪಿಸಿಲ್ಲ. ನಿನ್ನೆಯೂ ಕೇಳಿದ್ದೇನೆ. ಬೆಳಗ್ಗೆ ಬೈದರೆ ಬಾಯಿ ಬಿಡದೆ ಕಂಬದ ಹಾಗೆ ನಿಂತ. ತಮ್ಮ ಅಪ್ಪಣೆಯಾದರೆ ನಾಳೆಯೇ ಕಳುಹಿಸಿಬಿಡುತ್ತೇನೆ," ಎಂದ ಶಾಂತಯ್ಯ.

ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ಕುಳಿತುಕೋ," ಎಂದರು. ಕತೆಯೊಂದು ಬರುತ್ತಿದೆ ಎಂದು ಶಾಂತಯ್ಯನಿಗೆ ಗೊತ್ತಾಯಿತು. ಅಪ್ಪಣೆ ಕೊಡುವುದಿದ್ದರೆ ಗುರುಗಳು ನಿಂತವರನ್ನು ಕೂರಿಸುತ್ತಿರಲಿಲ್ಲ. ಅವನು ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರ. ಅವನಿಗೆ ಹೆಂಡತಿ, ಒಬ್ಬ ಮಗ, ಮಣ್ಣು ಹೊರುವುದಕ್ಕೆ ಒಂದು ಕತ್ತೆ. ಮೊದಮೊದಲು ಆ ಮನೆಯಲ್ಲಿ ದಿನಕ್ಕೊಂದು ಕೆಲಸ ಮರೆತುಹೋಗುತ್ತಿತ್ತು. ಹದ ಮಾಡಿದ ಮಣ್ಣಿಗೆ ಒದ್ದೆ ಗೋಣಿ ಹೊದಿಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಹೆಂಟೆ. ಹಾಲಿನ ಗಡಿಗೆಯನ್ನು ನೆಲುವಿಗೆ ಏರಿಸದೆ ಬಿಟ್ಟರೆ ಬೆಕ್ಕಿಗೆ ಹಬ್ಬ. ಕೆಂಡಕ್ಕೆ ಬೂದಿ ಮುಚ್ಚದೆ ಮಲಗಿದರೆ ಮರುದಿನ ಬೆಂಕಿಗಾಗಿ ನೆರೆಮನೆಯ ಬಾಗಿಲು. ಮರೆತದ್ದಕ್ಕಿಂತ, ಮರೆತವರು ಯಾರು ಎಂಬ ಜಗಳದಲ್ಲಿ ಹೆಚ್ಚು ಹೊತ್ತು ಹಾಳಾಗುತ್ತಿತ್ತು.

ಕುಂಬಾರನ ಹೆಂಡತಿ ಜಾಣೆ. ಓದು ಬರಹ ಬಾರದು, ಆದರೆ ಬೆರಳುಗಳಿದ್ದವಲ್ಲ. ಸಂಜೆಯ ಕೆಲಸಗಳನ್ನೆಲ್ಲ ಕೂಡಿಸಿ, ಒಂದೊಂದು ಗೆಣ್ಣಿಗೆ ಒಂದೊಂದನ್ನು ಹಂಚಿಟ್ಟಳು. ಕಿರುಬೆರಳಿನ ಬುಡದ ಗೆಣ್ಣಿಗೆ ಮಣ್ಣು, ಅದರ ಮೇಲಿನದಕ್ಕೆ ಹಸಿ ಮಡಕೆ, ತುದಿಗೆ ಕತ್ತೆ. ಉಂಗುರದ ಬೆರಳಿಗೆ ಹಾಲು, ಹೆಪ್ಪು, ಕೆಂಡ. ಹೀಗೆ ಹಿತ್ತಿಲ ಬಾಗಿಲಿನವರೆಗೆ. ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕುಳಿತು, ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಏರಿಸುತ್ತ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದಳು. ಆಗದ ಕೆಲಸ ಸಿಕ್ಕಿತೆಂದರೆ ಹೆಬ್ಬೆರಳು ಅಲ್ಲೇ ನಿಲ್ಲುತ್ತಿತ್ತು. ಗೆಣ್ಣು ತಪ್ಪಬಾರದೆಂದು ಅದನ್ನು ಒತ್ತಿ ಹಿಡಿದುಕೊಂಡೇ ಎದ್ದುಹೋಗಿ, ಮತ್ತೊಂದು ಕೈಯಲ್ಲಿ ಕೆಲಸ ಮುಗಿಸಿ ಬಂದು, ಅಲ್ಲಿಂದಲೇ ಮುಂದಕ್ಕೆ ಎಣಿಸುತ್ತಿದ್ದಳು.

ಮನೆ ನೆಟ್ಟಗಾಯಿತು. ಮಣ್ಣು ಹದವಾಗಿಯೇ ಉಳಿಯಿತು, ಬೆಕ್ಕು ಬೇರೆ ಮನೆ ನೋಡಿಕೊಂಡಿತು. ಕೇರಿಯ ಹೆಂಗಸರು ಬಂದು ಗೆಣ್ಣಿನ ಲೆಕ್ಕ ಕಲಿತುಹೋದರು. ಕುಂಬಾರಗಿತ್ತಿಗೆ ಹೆಮ್ಮೆ ಬಂತು, ಬರಬೇಕಾದದ್ದೇ.

ಕೆಲವು ವರ್ಷ ಕಳೆದು ಮಗನಿಗೆ ಮದುವೆಯಾಯಿತು. ಸೊಸೆ ಬಂದಳು. ಕೆಲಸವೆಲ್ಲ ಸೊಸೆಗೆ ಹೋಯಿತು, ಎಣಿಸುವುದು ಮಾತ್ರ ಅತ್ತೆಯ ಬಳಿಯೇ ಉಳಿಯಿತು. ಸಂಜೆ ಅತ್ತೆ ಜಗಲಿಯಲ್ಲಿ, ಸೊಸೆ ಹೊಸ್ತಿಲಲ್ಲಿ. ಅತ್ತೆ ಕೇಳುವಳು, ಸೊಸೆ ಹೇಳುವಳು. ಒಂದು ದಿನ ನಡುವೆ ಸೊಸೆ, "ನಾಳೆ ಸಂತೆಗೆ ಎಷ್ಟು ಮಡಕೆ ತೆಗೆದಿಡ್ಲಿ ಅತ್ತೆ?" ಎಂದಳು. ಅತ್ತೆಗೆ ಗೆಣ್ಣು ತಪ್ಪಿತು. ಮೊದಲಿನಿಂದ ಎಣಿಸಬೇಕಾಯಿತು.

"ಎಣಿಸುವಾಗ ನಡುವೆ ಬಾಯಿ ಹಾಕ್ಬೇಡ ಕಣೇ. ಕೇಳಿದ್ದಕ್ಕೆ ಉತ್ತರ ಹೇಳು, ಸಾಕು," ಎಂದಳು.

ಸೊಸೆ ಕೇಳಿದ್ದಕ್ಕೆ ಉತ್ತರ ಹೇಳಿದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರತೊಡಗಿತು. ಅತ್ತೆಗೆ ಅನುಮಾನವಾಯಿತು. ಇದು ಕೈಯಿಂದ ಬಂದ ಮಾತೋ, ಬರೀ ಬಾಯಿಂದ ಬಂದದ್ದೋ? ಒಂದು ಸಂಜೆ ಹಾಲಿಗೂ ಹೆಪ್ಪಿಗೂ ನಡುವೆ ಒಂದು ಮಾತು ತುರುಕಿದಳು.

"ಆನೆಗೆ ಹುಲ್ಲು ಹಾಕಿದ್ಯಾ?"

"ಹಾಕಿದೀನಿ ಅತ್ತೆ."

ಒಳಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಕುಂಬಾರನಿಗೆ ನಗು ಬಂದು ಅಡಿಕೆ ನೆತ್ತಿಗೇರಿತು. ಮನೆಯ ಮಾತು ಮನೆಯಲ್ಲೇ ನಿಲ್ಲಲಿಲ್ಲ. ಮರುದಿನ ಸೊಸೆ ಬಾವಿಗೆ ಹೋದರೆ, "ನಿಮ್ಮನೆ ಆನೆ ಮರಿ ಹಾಕ್ತೇನಮ್ಮ?" ಎಂದು ಕೇಳುವವರೇ ಎಲ್ಲ. ಸೊಸೆ ತಲೆಯೆತ್ತದೆ ನೀರು ಸೇದಿಕೊಂಡು ಬಂದಳು. ಬಂದು ಹಿತ್ತಿಲಲ್ಲಿ ಕುಳಿತು ಅತ್ತಳು. ಅತ್ತು ಮುಗಿದ ಮೇಲೆ, ಇನ್ನು ಕಣ್ಣಾರೆ ಕಾಣದೆ ಒಂದು ಮಾತನ್ನೂ ಹೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು. ಅಂದಿನಿಂದ ದೀಪ ಹಚ್ಚುವ ಮೊದಲು ಒಂದೊಂದು ಕೆಲಸದ ಹತ್ತಿರವೂ ಹೋಗಿ ಮುಟ್ಟಿ ನೋಡಿ ಬಂದು ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು.

ಇಲ್ಲಿ ಶಾಂತಯ್ಯ ನಕ್ಕುಬಿಟ್ಟ. "ಅತ್ತೆ ಸರಿಯಾಗಿ ಮಾಡಿದಳು ಬುದ್ಧಿ. ನಾಳೆಯಿಂದ ನನ್ನ ಪಟ್ಟಿಯಲ್ಲೂ ಒಂದು ಆನೆಯಿರುತ್ತದೆ," ಎಂದ.

"ಕತೆ ಇನ್ನೂ ಮುಗಿದಿಲ್ಲ," ಎಂದರು ಗುರುಗಳು.

ಸೊಸೆ ತಿದ್ದಿಕೊಂಡಳೆಂದು ಅತ್ತೆಗೆ ಗೊತ್ತಾಯಿತು. ಒಂದೆರಡು ಸಲ ಎದ್ದುಹೋಗಿ ನೋಡಿದಳು, ಸೊಸೆ ಹೇಳಿದ್ದು ಹೇಳಿದಂತೆಯೇ ಇತ್ತು. ಆಮೇಲೆ ಏಳುವುದನ್ನು ಬಿಟ್ಟಳು. ಎಣಿಸುತ್ತ ಎಣಿಸುತ್ತ ಅವಳ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತಿತ್ತು. ತವರಿನ ಕಡೆಯವರು ಕಳಿಸಿದ ಸೀರೆ, ಆಚೆಮನೆಯವಳು ಆಡಿದ ಚುಚ್ಚುಮಾತು, ಅದಕ್ಕೆ ತಾನು ಕೊಡಬೇಕಾಗಿದ್ದ ಉತ್ತರ. ಬಾಯಿ ಕೇಳುತ್ತಿತ್ತು, ಹೆಬ್ಬೆರಳು ಏರುತ್ತಿತ್ತು. ಎರಡೂ ಅವಳನ್ನು ಕಾಯುತ್ತಿರಲಿಲ್ಲ.

ಆ ವರ್ಷ ಊರಗೌಡರ ಮನೆಯಲ್ಲಿ ಮದುವೆ ನಿಶ್ಚಯವಾಯಿತು. ಮದುವೆಗೆ ಐರಾಣಿ ಮಡಕೆಗಳು ಕುಂಬಾರರ ಮನೆಯಿಂದ ಹೋಗಬೇಕು, ಅವು ಬಾರದೆ ಚಪ್ಪರದಲ್ಲಿ ಶಾಸ್ತ್ರ ಮುಂದೆ ಸಾಗುವುದಿಲ್ಲ. ಗೌಡರ ಮನೆಗೆ ಆ ಮಡಕೆ ಕೊಡುವ ಹಕ್ಕು ಕುಂಬಾರನಿಗೆ ಅವನ ಅಜ್ಜನ ಕಾಲದಿಂದ ಬಂದದ್ದು. ಅದರಿಂದ ಮನೆಗೆ ವರ್ಷದ ಕಾಳು, ಚಪ್ಪರದಲ್ಲಿ ಮೊದಲ ವೀಳ್ಯ. ಕುಂಬಾರ ಮನಸ್ಸಿಟ್ಟು ಮಡಕೆ ಮಾಡಿದ. ಹಿತ್ತಿಲ ಚಪ್ಪರದ ನೆರಳಿನಲ್ಲಿ ಅವು ಒಣಗಿದವು. ಬೆಳಗಾದರೆ ಸುಡಲು ಆವಿಗೆಗೆ ಇಡುವುದಷ್ಟೇ ಬಾಕಿ.

ಆ ಸಂಜೆ ಅತ್ತೆ ಜಗಲಿಯಲ್ಲಿ ಕುಳಿತಳು. ಮದುವೆಗೆ ಯಾವ ಸೀರೆ ಉಡುವುದೆಂದು ಯೋಚಿಸುತ್ತಿದ್ದಳು.

"ಮಣ್ಣಿಗೆ ಗೋಣಿ ಹೊದ್ಸಿದ್ಯಾ?"

"ಹೊದ್ಸಿದೀನಿ ಅತ್ತೆ."

"ಹಸಿ ಮಡಕೆ ಸರಿಯಾಗಿಟ್ಯಾ?"

"ಇಟ್ಟಿದೀನಿ ಅತ್ತೆ."

"ಕತ್ತೆ ಕಟ್ಟಿದ್ಯಾ?"

"ಇಲ್ಲ ಅತ್ತೆ. ಹಗ್ಗ ಕಿತ್ತೋಗೈತೆ."

"ಹಾಲು ನೆಲುವಿಗೆ ಇಟ್ಯಾ?"

ಸೊಸೆ ಅತ್ತೆಯ ಕೈ ನೋಡಿದಳು, ಹೆಬ್ಬೆರಳು ಆಗಲೇ ಮುಂದಿನ ಗೆಣ್ಣಿಗೆ ಏರಿತ್ತು. ನಡುವೆ ಬಾಯಿ ಹಾಕುವಂತಿಲ್ಲ. ಬಾವಿಕಟ್ಟೆಯ ನಗು ಇನ್ನೂ ಕಿವಿಯಲ್ಲಿತ್ತು. ಹೇಳಿದ್ದು ಅತ್ತೆಗೆ ಕೇಳಿಸಿದೆ, ಹೊಸ ಹಗ್ಗ ಹೊಸೆದುಕೊಡಿ ಎಂದು ಮಾವನಿಗೆ ಅವರೇ ಹೇಳುತ್ತಾರೆ ಎಂದುಕೊಂಡಳು.

"ಇಟ್ಟಿದೀನಿ ಅತ್ತೆ," ಎಂದಳು.

ಅತ್ತೆಯ ಹೆಬ್ಬೆರಳು ಹಿತ್ತಿಲ ಬಾಗಿಲಿನವರೆಗೆ ಹೋಗಿ ಮುಟ್ಟಿತು. ಅವಳು ನೆಮ್ಮದಿಯಾಗಿ ಎದ್ದು ಒಳಗೆ ಹೋದಳು. ಆ ದಿನ ಒಂದು ಕೆಲಸವನ್ನೂ ಕೇಳದೆ ಬಿಟ್ಟಿರಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ಮನೆಗೆ ದೊಣ್ಣೆಯೂ ಬೇಕಾಗಲಿಲ್ಲ, ಕತ್ತೆಯೇ ಸಾಕಾಯಿತು. ಬೆಳಗ್ಗೆ ಎದ್ದು ನೋಡಿದರೆ ಅದು ಚಪ್ಪರದ ಕೆಳಗೆ ನಿಂತು ಕಂಬಕ್ಕೆ ಬೆನ್ನು ತಿಕ್ಕಿಕೊಳ್ಳುತ್ತಿತ್ತು. ಕಾಲ ಕೆಳಗೆ ಐರಾಣಿ ಮಡಕೆಗಳು ಒಂದೂ ಉಳಿಯದೆ ಪುಡಿಯಾಗಿದ್ದವು. ಮತ್ತೆ ಮಾಡಿ, ಒಣಗಿಸಿ, ಸುಡುವಷ್ಟು ದಿನ ಮದುವೆಗೆ ಉಳಿದಿರಲಿಲ್ಲ.

ಅತ್ತೆ ಎದೆ ಎದೆ ಬಡಿದುಕೊಂಡಳು. ಅನಂತರ ಸೊಸೆಯ ಕಡೆ ತಿರುಗಿದಳು. ಸೊಸೆಯ ಪೆಟ್ಟಿಗೆಯನ್ನು ಎಳೆದು ತಂದು ಜಗಲಿಯ ಮೇಲೆ ಇಟ್ಟಳು. "ಮನೆ ಮುಳುಗಿಸಿದೆ. ಇವತ್ತೇ ನಿನ್ನ ತವರಿಗೆ ನಡಿ," ಎಂದಳು. ಗಂಡ ಎನಿಸಿಕೊಂಡವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಕತ್ತೆಯ ಮುಖ ನೋಡುತ್ತ ನಿಂತ.

ಸೊಸೆ ಪೆಟ್ಟಿಗೆಯ ಹತ್ತಿರ ಬಂದು ನಿಂತಳು. ಆಮೇಲೆ ಮೆಲ್ಲಗೆ, "ನಾನು ಇಲ್ಲ ಅಂದಿದ್ದೆ ಅತ್ತೆ," ಎಂದಳು.

"ಯಾವಾಗ ಅಂದೆ?"

"ನೀವು ಕೇಳ್ದಾಗ."

ಅತ್ತೆ ಗಂಡನನ್ನು ನೋಡಿದಳು. ಕುಂಬಾರ ನೆಲ ನೋಡುತ್ತ, "ಅಂದಿದ್ಲು ಕಣೇ. ನನಗೂ ಕೇಳಿಸ್ತು. ನೀನು ಕೇಳಿಸ್ಕೊಂಡಿದೀಯ ಅಂತ ಸುಮ್ಮನಿದ್ದೆ," ಎಂದ.

ಅತ್ತೆಯ ಹೆಬ್ಬೆರಳು ತಾನಾಗಿ ಕಿರುಬೆರಳಿನ ತುದಿಗೆ ಹೋಯಿತು. ಕತ್ತೆ ಕಟ್ಟಿದ್ಯಾ ಎಂದು ತಾನು ಕೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಅದರ ಮುಂದೆ ಹಾಲಿನ ಮಾತು ಕೇಳಿದ್ದೂ ನೆನಪಿತ್ತು. ಅವೆರಡರ ನಡುವೆ ಸೊಸೆಯ ದನಿಯಿತ್ತು. ಆ ದನಿ ಏನು ಹೇಳಿತೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಸೊಸೆ ಸುಳ್ಳಾಡುತ್ತಿದ್ದಾಳೆ ಎನ್ನೋಣವೆಂದರೆ, ಸುಳ್ಳಾಡದಂತೆ ಅವಳನ್ನು ಊರೆಲ್ಲ ನಗುವ ಹಾಗೆ ತಿದ್ದಿದವಳು ತಾನೇ. ಅತ್ತೆಗೆ ನಾಚಿಕೆಯಾಯಿತು. ಮಡಕೆ ಹೋದದ್ದಕ್ಕಿಂತ ಹೆಚ್ಚಿನ ಸಂಕಟ ಅದರಲ್ಲಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಾಂತಯ್ಯನಿಗೆ ತಡೆಯಲಾಗಲಿಲ್ಲ.

"ಸೊಸೆಯನ್ನು ಕಳುಹಿಸಿದರೇ, ಬುದ್ಧಿ?"

"ಇಲ್ಲ. ಪೆಟ್ಟಿಗೆಯನ್ನು ಅತ್ತೆಯೇ ಎತ್ತಿ ಒಳಗಿಟ್ಟಳು. ಗೌಡರ ಮನೆಗೆ ಪಕ್ಕದ ಊರಿನ ಕುಂಬಾರ ಮಡಕೆ ಕೊಟ್ಟ. ಮೊದಲ ವೀಳ್ಯ ಅವನಿಗೆ ಹೋಯಿತು, ಹಕ್ಕೂ ಅವನಲ್ಲೇ ಉಳಿಯಿತು."

ಶಾಂತಯ್ಯ ತಲೆಯಾಡಿಸಿದ. "ತಪ್ಪು ಅತ್ತೆಯದೇ. ಕೇಳಿದರೆ ಸಾಕೇ? ಹೇಳಿದ್ದು ಕಿವಿಗೆ ಬೀಳಬೇಡವೇ?" ಎಂದ. ಮಾತಿನಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಆ ಸೊಸೆಯನ್ನು ನೆನೆದು ಅವನಿಗೆ ನಿಜವಾಗಿಯೂ ಕೆಡುಕೆನಿಸಿತ್ತು.

ಗುರುಗಳು ಅವನನ್ನು ನೋಡಿದರು.

"ನಿನ್ನೆ ಸಂಜೆ ನೀನು ಕೇಳಿದಾಗ ಕರಿಸಿದ್ದಪ್ಪ ಏನೆಂದ?"

ಶಾಂತಯ್ಯ ನೆನಪು ಮಾಡಿಕೊಳ್ಳುತ್ತ ಕುಳಿತ. ಪಟ್ಟಿಯ ಮೇಲೆ ಗೀಟು ಹಾಕಿದ್ದಷ್ಟೇ ನೆನಪಿಗೆ ಬಂತು.