ಬಾನೆಟ್ ಹಿಡಿದಿದೆಯಾ?

ನಂಜನಗೂಡಲ್ಲಿ, ಕಪಿಲಾ ಹೊಳೆ ದಂಡೇಲಿ, ಜಬ್ಬಾರ್ ಉಸ್ತಾದರದ್ದು ಒಂದು ಶೆಡ್ಡಿದೆ. ಹಳೇ ಕಾರು ಬಿಟ್ರೆ ಬೇರೇದು ಮುಟ್ಟಲ್ಲ ಅವರು. ಮೂರು ವರ್ಷದಿಂದ ನಾನು ಅವರ ಹತ್ರ ಕೆಲ್ಸ ಕಲೀತಿದೀನಿ, ಇರೋಳು ನಾನೊಬ್ಳೇ ಶಿಷ್ಯೆ, ಆದ್ರೂ ಒಂದು ಗಾಡೀನೂ ಪೂರ್ತಿ ನನ್ನ ಕೈಗೆ ಕೊಟ್ಟಿರ್ಲಿಲ್ಲ.

ಆ ಕೆಂಪು ಗಾಡಿ ಬಂತು ನೋಡಿ, ಕೊಟ್ರು.

ಡಾಕ್ಟ್ರು ಶಿವಸ್ವಾಮಿಯವರ ಸ್ಪೋರ್ಟ್ಸ್ ಕಾರು ಅದು. ಅರವತ್ತರ ದಶಕದ್ದು. ಎರಡೇ ಸೀಟು, ಮೇಲೆ ಟಾಪಿಲ್ಲ, ಮೂತಿ ಮಾತ್ರ ಮಾರುದ್ದ. ಮದುವೆಯಾಗಿ ಐವತ್ತು ವರ್ಷ ಆಯ್ತು ಅಂತ ಡಾಕ್ಟ್ರು ತಮ್ಮ ಹೆಂಡ್ತಿ ಕಮಲಾಕ್ಷಮ್ಮನ್ನ ಅದರಲ್ಲೇ ಊಟಿಗೆ ಕರ್ಕೊಂಡು ಹೋಗ್ಬೇಕು ಅಂತಿದ್ರು.

"ಇದು ನಿಂದು ನೀಲಾ," ಅಂದ್ರು ಉಸ್ತಾದ್. "ಶುರುವಿಂದ ಕೊನೇವರೆಗೂ ನೀನೇ. ಸರಿಯಾದ್ರೆ ಮುಂದಿನ ಗಾಡೀನೂ ನಿಂದೇ."

"ಸರಿಯಾಗದಿದ್ರೆ?"

"ಇನ್ನು ಮೂರು ವರ್ಷ ಸ್ಪ್ಯಾನರ್ ತೊಳಿ."

ಒಂದೂವರೆ ತಿಂಗಳು ಹಿಡೀತು. ಬಣ್ಣ ಹೊಡೆಸಿದ್ಮೇಲೆ ಬಾನೆಟ್ ಕೂರಿಸೋಕೇ ನಾಲ್ಕು ದಿನ. ಸುತ್ತ ಸಂದು ಒಂದೇ ಸಮ ಬರ್ಬೇಕು, ಬಾನೆಟ್ಟು ಬಾಡಿ ಮಟ್ಟಕ್ಕೇ ಕೂರ್ಬೇಕು ಅಂತ ಹಠ ನಂಗೆ. ಅದಕ್ಕೆ ಅಡೀಲಿರೋ ಲಾಕಿನ ಪಿನ್ನು ತಿರುಗಿಸಿ ತಿರುಗಿಸಿ ಗಿಡ್ಡ ಮಾಡ್ದೆ. ಮೊದ್ಲು ಬಾನೆಟ್ ಮೇಲೆ ಅಡ್ಡಕ್ಕೆ ಒಂದು ಚರ್ಮದ ಬೆಲ್ಟೂ ಇತ್ತು, ಲಾಕ್ ಕೈಕೊಟ್ರೂ ಹಿಡ್ಕೊಳ್ಳೋಕೆ. ಹೊಸ ಬಣ್ಣಕ್ಕೆ ಗೆರೆ ಬೀಳುತ್ತೆ ಅಂತ ಅದನ್ನ ಬಿಚ್ಚಿಟ್ಟೆ.

ಬಾನೆಟ್ ಮುಚ್ಚೋದಕ್ಕೆ ಉಸ್ತಾದರದ್ದು ಒಂದು ಪದ್ಧತಿ ಇದೆ. ಒತ್ತೋ ಹಾಗಿಲ್ಲ, ಬಡಿಯೋ ಹಾಗಿಲ್ಲ. ಒಂದು ಗೇಣು ಎತ್ತರದಿಂದ ಕೈ ಬಿಡ್ಬೇಕು. ಟಕ್ ಅನ್ಬೇಕು. ಆಮೇಲೆ ಎರಡೂ ಮೂಲೆ ಹಿಡಿದು, ಬಾವಿಯಿಂದ ತುಂಬಿದ ಕೊಡ ಎತ್ತೋ ಹಾಗೆ, ಎಳೆದು ನೋಡ್ಬೇಕು.

ಡಾಕ್ಟ್ರು ಬರೋ ದಿನ ಬೆಳಿಗ್ಗೆ ನಾನು ಕೈ ಬಿಟ್ಟೆ. ಟಕ್ ಅಂತು. ಎಳೆಯೋಣ ಅಂತ ಕೈ ಇಟ್ರೆ ಹೊಳೆಯೋ ಬಣ್ಣದ ಮೇಲೆ ಹತ್ತೂ ಬೆರಳು ಅಚ್ಚಾಗ್ಬಿಡ್ತು. ಬಟ್ಟೆ ತಗೊಂಡು ಒರೆಸ್ದೆ. ಅಷ್ಟೊತ್ತಿಗೆ ಉಸ್ತಾದ್ ಬಂದ್ರು.

"ಆಯ್ತಾ?"

"ಆಯ್ತು ಉಸ್ತಾದ್. ಆ ಸಂದು ನೋಡಿ, ದಾರ ಹಿಡಿದು ಗೆರೆ ಎಳೆದ ಹಾಗಿಲ್ವಾ?"

"ಬೆಲ್ಟೆಲ್ಲಿ?"

"ಚೆನ್ನಾಗಿ ಕಾಣಲ್ಲ, ಬಿಡಿ. ಲಾಕ್ ಇದೆಯಲ್ಲ."

"ಬಾನೆಟ್ ಹಿಡಿದಿದೆಯಾ?"

"ಟಕ್ ಅಂತು."

"ನಾನು ಕೇಳಿದ್ದು ಅದಲ್ಲ."

"ಹಿಡಿದಿದೆ ಉಸ್ತಾದ್. ಅದೆಷ್ಟು ಸಲ ಹೇಳಿದ್ರೆ ನಿಮಗೆ ಸಮಾಧಾನ?"

ಅವರು ಕೈ ಒರೆಸ್ಕೊಂಡು ಸ್ಟೇರಿಂಗ್ ಹಿಂದೆ ಕೂತ್ರು. ಪಕ್ಕದ ಸೀಟು ತಟ್ಟಿದ್ರು.

"ಬಾ. ಕಮಲಾಕ್ಷಮ್ಮ ಕೂರೋ ಜಾಗದಲ್ಲಿ ಕೂತ್ಕೋ."

ಊರು ದಾಟಿ ಗುಂಡ್ಲುಪೇಟೆ ರಸ್ತೆ ಹಿಡಿದ್ವಿ. ನನ್ನ ಬಾಯಿ ಸುಮ್ನಿರುತ್ತಾ, ಎಂಜಿನ್ ಸದ್ದು ಕೇಳಿ ಉಸ್ತಾದ್, ಗೇರ್ ಎಷ್ಟು ನಯ ನೋಡಿ ಉಸ್ತಾದ್, ಅಂತ ಒಂದೇ ಸಮ ವಟವಟ. ಸ್ಪೀಡಿನ ಮುಳ್ಳು ಮೂವತ್ತಾಯ್ತು. ನಲವತ್ತಾಯ್ತು. ಗಾಳಿ ಮುಖಕ್ಕೆ ರಾಚೋಕೆ ಶುರುವಾಯ್ತು.

ಆ ಸೀಟಲ್ಲಿ ಕೂತ್ರೆ ಕಣ್ಣಿಗೆ ಬೀಳೋದು ಬರೀ ಬಾನೆಟ್ಟು. ಅದರ ಕೀಲು ನಮ್ಮ ಕಡೆ, ಗಾಜಿನ ಬುಡದಲ್ಲಿ. ಲಾಕ್ ಆಚೆ ತುದೀಲಿ, ಮೂತಿ ಹತ್ರ. ಲಾಕ್ ಬಿಟ್ರೆ ಗಾಳಿ ಒಳಗೆ ನುಗ್ಗಿ ಇಡೀ ತಗಡನ್ನ ಎತ್ತಿ ಗಾಜಿಗೆ ಬಡಿಯುತ್ತೆ, ಗಾಜಿನ ಹಿಂದಿರೋ ತಲೆಗೂ ಬಡಿಯುತ್ತೆ. ಇದೆಲ್ಲ ನಂಗೆ ಮೂರು ವರ್ಷದಿಂದ ಗೊತ್ತು. ಮನಸ್ಸಿಗೆ ನಾಟಿದ್ದು ಮಾತ್ರ ಆವಾಗ.

ಐವತ್ತು.

ಕೈ ಬಿಟ್ಟಿದ್ದು ನೆನಪಿತ್ತು. ಟಕ್ ಅಂದಿದ್ದು ನೆನಪಿತ್ತು. ಬಟ್ಟೇಲಿ ಒರೆಸಿದ್ದು ನೆನಪಿತ್ತು. ಎಳೆದಿದ್ದು ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ.

"ನಿಲ್ಸಿ ಉಸ್ತಾದ್."

"ಯಾಕೆ? ಗಾಡಿ ಈಗ ತಾನೇ ಮೈಚಳಿ ಬಿಡ್ತಿದೆ."

"ನಿಲ್ಸಿ. ದಮ್ಮಯ್ಯ ಅಂತೀನಿ."

ನಿಧಾನಕ್ಕೆ ಒಂದು ಹುಣಸೆ ಮರದ ಕೆಳಗೆ ನಿಲ್ಸಿದ್ರು. ನಾನು ಬಾಗಿಲೂ ತೆಗೀದೆ ಹಾರಿ ಇಳಿದು ಮುಂದಕ್ಕೆ ಓಡಿದೆ. ಎರಡು ಬೆರಳು ತೂರಿಸಿ ಎತ್ತಿದೆ.

ತೆರ್ಕೊಂತು. ಡಬ್ಬದ ಮುಚ್ಚಳದ ಹಾಗೆ.

ಗಿಡ್ಡ ಮಾಡಿದ ಪಿನ್ನು ಲಾಕಿಗೆ ಬರೀ ತಾಗಿತ್ತು, ಕಚ್ಚಿರ್ಲಿಲ್ಲ. ಟಕ್ ಅಂದಿದ್ದು ಅದೇ.

ಅಲ್ಲೇ ಹುಲ್ಲಿನ ಮೇಲೆ ಕೂತೆ. ನಗು ಬಂತು, ಜೊತೆಗೇ ಅಳೂನೂ ಬಂತು. ಕುರಿ ಹೊಡ್ಕೊಂಡು ಹೋಗ್ತಿದ್ದ ಅಜ್ಜ ಒಬ್ರು ನಿಂತ್ರು.

"ಏನವ್ವ, ಗಾಡಿ ಕೆಟ್ಟೋಯ್ತಾ?"

"ಇಲ್ಲ ತಾತ, ಕೆಡ್ಲಿಲ್ಲ. ಏನೂ ಆಗ್ಲಿಲ್ಲ ತಾತ."

"ಏನೂ ಆಗದಿದ್ರೆ ಅಳೋದ್ಯಾಕೆ," ಅಂತ ಗೊಣಗ್ಕೊಂಡು ಹೋದ್ರು.

ಉಸ್ತಾದ್ ಸೀಟಿನ ಹಿಂದಿನಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಮುಂದೆ ಹಿಡಿದ್ರು. "ಅತ್ತು ಮುಗಿದ್ಮೇಲೆ ಇದು."

ಪಿನ್ನು ಮೂರು ಸುತ್ತು ಉದ್ದ ಮಾಡ್ದೆ. ನಟ್ಟು ಬಿಗಿ ಮಾಡ್ದೆ. ಗೇಣೆತ್ತರದಿಂದ ಕೈ ಬಿಟ್ಟೆ. ಎರಡೂ ಮೂಲೆ ಹಿಡಿದು ಎಳೆದೆ ನೋಡಿ, ಗಾಡಿಯ ಮೂತೀನೇ ಸ್ಪ್ರಿಂಗ್ ಮೇಲೆ ಎದ್ದು ಬಂತು, ಬಾನೆಟ್ ಜಗ್ಗಲಿಲ್ಲ. ಈಗ ಅದು ಒಂದು ಕೂದಲೆಳೆಯಷ್ಟು ಮೇಲೆ ನಿಂತಿತ್ತು. ನಾಲ್ಕು ದಿನದ ಹಠ ಹೋಯ್ತು. ಹೋದ್ರೆ ಹೋಗ್ಲಿ.

ಶೆಡ್ಡಿಗೆ ಬಂದು ಬೆಲ್ಟೂ ಕಟ್ಟಿದೆ.

ಹನ್ನೊಂದಕ್ಕೆ ಡಾಕ್ಟ್ರು ಬಂದ್ರು. ಬೆಲ್ಟಿನ ಮೇಲೆ ಕೈಯಾಡಿಸಿ, "ಮದುವೇಲಿ ತೆಗೆಸಿದ ಫೋಟೋದಲ್ಲಿ ಇದ್ದ ಹಾಗೇ ಇದೆಯಲ್ಲಮ್ಮ," ಅಂದ್ರು. ನಾನು ಮತ್ತೆ ಹೋಗಿ ಮೂಲೆ ಹಿಡಿದು ಎಳೆದೆ. ಇನ್ನೊಂದ್ಸಲ ಎಳೆದೆ.

"ಸಾಕು ಬಿಡೇ ಹುಡುಗಿ," ಅಂದ್ರು ಕಮಲಾಕ್ಷಮ್ಮ. "ಕಿತ್ತು ಮನೇಗೆ ತಗೊಂಡು ಹೋಗ್ತೀಯೇನು?"

ಗಾಡಿ ಹೊರಡ್ತು. ಮಧ್ಯಾಹ್ನ ನಂಗೆ ಊಟ ಇಳೀಲಿಲ್ಲ.

ನಾಲ್ಕು ಗಂಟೆಗೆ ಊಟಿಯಿಂದ ಫೋನು. "ನೀಲಾ, ಬಂದು ಸೇರಿದ್ವಮ್ಮ," ಡಾಕ್ಟ್ರು ನಗ್ತಿದ್ರು. "ನಮ್ಮನೆಯೋಳ ಟೋಪಿ ಹಾರಿ ಹೋಯ್ತು. ಬೇರೇನೂ ಹಾರ್ಲಿಲ್ಲ."

ಫೋನಿಟ್ಟೆ. ಡಬ್ಬೀಲಿದ್ದ ಅಷ್ಟೂ ಚಿತ್ರಾನ್ನ ಒಂದೇ ಉಸಿರಲ್ಲಿ ತಿಂದೆ. ಹೊಳೆ ಕಡೆಯಿಂದ ತಣ್ಣಗೆ ಗಾಳಿ ಬೀಸ್ತಿತ್ತು. ಉಸ್ತಾದ್ ಟೀ ಸಾಸರಿಗೆ ಬಗ್ಗಿಸ್ಕೊಂಡು ಊದ್ತಾ ಕೂತಿದ್ರು.

"ಉಸ್ತಾದ್, ನಿಜ ಹೇಳಿ. ಲಾಕ್ ಹಿಡಿದಿಲ್ಲ ಅಂತ ನಿಮಗೆ ಬೆಳಿಗ್ಗೇನೇ ಗೊತ್ತಿತ್ತು. ನಂಗೆ ಬುದ್ಧಿ ಬರ್ಲಿ ಅಂತ ಆ ಸೀಟಲ್ಲಿ ಕೂರಿಸಿದ್ರಿ, ಅಲ್ವಾ?"

ಉಸ್ತಾದ್ ಸಾಸರು ಕೆಳಗಿಟ್ರು.

"ನಂಗೆ ಹೇಗೆ ಗೊತ್ತಾಗ್ಬೇಕು ಬೇಟಿ? ನೀನು ಹಿಡಿದಿದೆ ಅಂದೆ. ನಾನು ಹತ್ತಿ ಕೂತೆ."